ಸಿಲ್ವರ್ ಪೇಂಟ್ ಮಹಾತ್ಮೆ

ಇವತ್ತು ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿಕೊಂಡು ನಲ್ಲಿ ತಿರುಗಿಸಿದರೆ ಅದು ಮೊದಲು ಕೆಮ್ಮಿತು, ಆಮೇಲೆ ಎಲೆಅಡಿಕೆ ಜಗಿದ ಅಜ್ಜನ ಹಾಗೆ ಕೆಂಪಗೆ ಉಗುಳಿತು. ಬಕೆಟ್ಟಿನಲ್ಲಿ ನೆನೆಯುತ್ತಿದ್ದ ಮಗನ ಬಿಳಿ ಯೂನಿಫಾರ್ಮು ಈಗ ಕಾವಿ. ಪಿ.ಟಿ. ಮೇಡಂ ಏನೆನ್ನುತ್ತಾರೋ!

ಮಡಿಕೇರಿಯಲ್ಲಿ ಬಾಡಿಗೆಗಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಜೂನ್ ಬಂತೆಂದರೆ ಬೀಗಕ್ಕೆ ತುಕ್ಕು, ಬೆಲ್ಟಿನ ಬಕಲ್‌ಗೆ ತುಕ್ಕು, ಚಪ್ಪಲಿಗೆ ಬೂಷ್ಟು. ನಮ್ಮನೆ ಪೈಪಿನದು ಮಾತ್ರ ಬರೀ ಮಳೆಯ ತಪ್ಪಲ್ಲ. ಹಳೇ ಜಿ.ಐ. ಕಬ್ಬಿಣದ ಪೈಪಿನ ಸತುವಿನ ಲೇಪ ಎಂದೋ ಸವೆದು, ಒಳಗೆಲ್ಲ ತುಕ್ಕು ಗಡ್ಡೆಕಟ್ಟಿ, ಪೆನ್ಸಿಲ್ ತೂರುವಷ್ಟು ದಾರಿ ಉಳಿದಿದೆ. ಹಿತ್ತಾಳೆ ನಲ್ಲಿ ಕೂಡಿಸಿದ ಕಡೆ ಕಬ್ಬಿಣ ಇನ್ನೂ ಬೇಗ ತಿಂದುಹೋಗುತ್ತದಂತೆ. ರಾತ್ರಿಯಿಡೀ ಅಲ್ಲಿ ನಿಂತ ನೀರು ಬೆಳಿಗ್ಗೆ ನಮ್ಮ ಮುಖಕ್ಕೆ.

ಓನರ್ ಅಂಕಲ್ ಹತ್ತಿರ ಇದಕ್ಕೆಲ್ಲ ಒಂದೇ ಮದ್ದು: ಸಿಲ್ವರ್ ಪೇಂಟು. ಪೈಪು ಸೋರಿದರೆ ಎಂ-ಸೀಲ್ ಮೆತ್ತಿ ಮೇಲೊಂದು ಕೋಟು. ಗೀಸರಿನ ತಳ ತುಕ್ಕು ಹಿಡಿದರೂ ಅದೇ. ಕಿಟಕಿ ಸರಳು, ಟ್ಯಾಂಕಿನ ಮುಚ್ಚಳ, ಗೇಟಿನ ಚಿಲಕ ಎಲ್ಲಕ್ಕೂ ಆಯಿತು. ಚಿಲಕ ಅಂಟಿಕೊಂಡು ನಾವು ಕಾಂಪೌಂಡ್ ಹಾರಿ ಕೆಲಸಕ್ಕೆ ಹೋದದ್ದೂ ಆಯಿತು. ಕಳೆದ ವಾರ ಪ್ಲಂಬರ್ ತನ್ನ ಪೈಪ್ ವ್ರೆಂಚನ್ನು ಬಚ್ಚಲಲ್ಲಿ ಬಿಟ್ಟು ಊಟಕ್ಕೆ ಹೋದ. ಬರುವಷ್ಟರಲ್ಲಿ ಅದು ಬೆಳ್ಳಿಯಾಗಿತ್ತು, ಬಾಯಿ ತೆರೆಯುತ್ತಿರಲಿಲ್ಲ. "ತುಕ್ಕಿತ್ತು ಕಣಪ್ಪ, ಪಾಪ ಅಂತ ಬಳಿದೆ" ಅಂದರು ಅಂಕಲ್. ಪ್ಲಂಬರ್ ಆ ಬೆಳ್ಳಿಯ ಗದೆಯನ್ನು ಹೆಗಲಿಗಿಟ್ಟು ಹೋದವನು ಈಗ ನನ್ನ ಫೋನ್ ಎತ್ತುತ್ತಿಲ್ಲ.

ಹೋಗುವ ಮುಂಚೆ ಗೀಸರ್ ಬಿಚ್ಚಿ ತೋರಿಸಿದ್ದ. ಟ್ಯಾಂಕಿನ ಬದಲು ತಾನೇ ಕರಗಿ ಅದನ್ನು ಕಾಪಾಡುವ ಮೆಗ್ನೀಷಿಯಂ ಸರಳೊಂದು ಒಳಗಿರುತ್ತದೆ. ನಮ್ಮದರಲ್ಲಿ ತಂತಿ ಮಾತ್ರ ಉಳಿದಿತ್ತು.

"ಅದಿಲ್ಲದೇನೂ ನೀರು ಕಾಯ್ತಿದೆಯಲ್ಲ ಮೇಷ್ಟ್ರೇ?"

"ಅಂಕಲ್, ನೀರು ಕೆಂಪಗೆ ಬರ್ತಿದೆ."

"ಮಳೆಗಾಲದ ಕಕ್ಕಡ ತಿಂಗಳಲ್ವಾ! ಮದ್ದುಸೊಪ್ಪಿನ ಪಾಯಸ ತಿಂದ್ರೆ ನಮಗೇ ಉಚ್ಚೆ ಕೆಂಪಗೆ ಹೋಗುತ್ತೆ. ಇನ್ನು ಪೈಪಿನದೇನು?"

ಇದಕ್ಕೆ ಏನು ಉತ್ತರ ಕೊಡಲಿ? ಪೈಪು ಬದಲಿಸಿ ಎಂದರೆ ಮಳೆ ಬಿಡಲಿ ಅನ್ನುತ್ತಾರೆ. ಬಿಟ್ಟ ಮೇಲೆ ತೀರ್ಥೋದ್ಭವ ಕಳೆಯಲಿ, ಹುತ್ತರಿ ಹಬ್ಬ ಆಗಲಿ, ಕಾಫಿ ಕುಯ್ಲು ಮುಗಿಯಲಿ. ಮುಗಿಯುವಷ್ಟರಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದಿಲ್ಲವೆಂಬ ಚಿಂತೆ. ಅದು ಬಿದ್ದರೆ, ನೋಡಿ, ಮತ್ತೆ ಜೂನ್.

ನನ್ನಜ್ಜಿ ಮನೆಯಲ್ಲಿ ಗುಡ್ಡದ ತೊರೆಯ ನೀರು ಅಡಿಕೆ ಮರದ ದೋಣಿಯಲ್ಲಿ ಹರಿದು ಬಚ್ಚಲಿಗೇ ಬರುತ್ತಿತ್ತು. ತಾಮ್ರದ ಹಂಡೆಗೆ ಕಿಲುಬು ಹತ್ತಿದರೆ ಅಜ್ಜಿ ಹುಣಸೆಹಣ್ಣು ತಿಕ್ಕುತ್ತಿದ್ದಳು. ಹೊಗೆಯ ವಾಸನೆಯ ಆ ಬಿಸಿನೀರಿಗೆ ಮಕ್ಕಳೆಲ್ಲ ಜಗಳವಾಡುತ್ತಿದ್ದೆವು. ಆ ದೋಣಿ ಈಗಿಲ್ಲ, ಮನೆಯೂ ಇಲ್ಲ.

ನಿನ್ನೆ ಅಂಕಲ್ ಹೊಸ ಅಗ್ರಿಮೆಂಟ್ ತಂದರು. ಬಾಡಿಗೆ ಐನೂರು ಜಾಸ್ತಿ.

"ಯಾಕೆ ಅಂಕಲ್?"

"ಮನೆಗೆಲ್ಲ ಪೇಂಟ್ ಮಾಡಿದ್ದೀನಲ್ಲ ಮೇಷ್ಟ್ರೇ."

ಸಹಿ ಹಾಕಿದೆ. ಹೋಂಸ್ಟೇ ಆಗದೆ ಉಳಿದ ಮನೆಯನ್ನು ಈ ಊರಲ್ಲಿ ಇನ್ನೆಲ್ಲಿ ಹುಡುಕಲಿ?