ರೂತಳ ಜೋಳ

ನಮ್ಮದು ಬಾಗಲಕೋಟೆ ಹತ್ತಿರದ ಒಂದು ಸಣ್ಣ ಚರ್ಚು. ನಲವತ್ತು ಮನೆ, ಎರಡು ಫ್ಯಾನು, ಒಂದು ಹಾರ್ಮೋನಿಯಂ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್‌ನವರು 1851ರ ಹೊತ್ತಿಗೆ ಗುಳೇದಗುಡ್ಡ ಮುಟ್ಟಿದ್ದರು. ನಮ್ಮ ಮುತ್ತಜ್ಜ ಅಲ್ಲಿ ಖಣ ನೇಯುತ್ತಿದ್ದ. ಮಗ್ಗ ಹೋಯಿತು, ಚರ್ಚು ಉಳಿಯಿತು. ಅಯ್ಯನವರ ಮನೆಗೆ ಹೋಗಿ ಬರುವ ಚಟವೂ ಉಳಿಯಿತು.

ಅಯ್ಯನವರು ಅಂದರೆ ನಮ್ಮ ಪಾಸ್ಟರು. ಸಂಬಳ ಎಷ್ಟು ಅಂತ ನಾವು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಅದಕ್ಕೇ ನಮ್ಮ ಹೆಂಗಸರು ಗಿರಣಿಗೆ ಜೋಳ ಕಟ್ಟುವಾಗ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾರೆ. ತಿಂಗಳ ಕೊನೆಗೆ ಅದು ಅಯ್ಯನವರ ಮನೆಗೆ. ಪದ್ಧತಿ ಒಳ್ಳೆಯದೇ. ತಕರಾರು ಇರುವುದು ಅದನ್ನು ಮುಟ್ಟಿಸಲು ಹೋಗುವ ನಮ್ಮಂಥವರದ್ದು. ಎರಡು ಕಿಲೋ ಜೋಳ ಕೊಡಲು ಐದು ಜನ ಹೋಗುತ್ತೇವೆ. ಅಮ್ಮನವರು ಚಹಾ ಇಡುತ್ತಾರೆ. ಆಮೇಲೆ "ಊಟಾ ಮಾಡ್ಕೊಂಡ ಹೋಗ್ರಿ" ಅನ್ನುತ್ತಾರೆ. ಬೇಡ ಅನ್ನಲು ನಮಗೆ ಯಾರೂ ಕಲಿಸಿಲ್ಲ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಒಯ್ದ ಜೋಳದಲ್ಲಿ ಮುಕ್ಕಾಲು ಪಾಲು ಅಲ್ಲೇ ನಮ್ಮ ಹೊಟ್ಟೆ ಸೇರಿರುತ್ತದೆ. ಹೊರಗೆ ಬಂದು "ಪಾಪ, ಅಯ್ಯನವರಿಗೆ ಭಾಳ ತ್ರಾಸು" ಅಂತ ತೇಗುತ್ತೇವೆ.

ಹೋದ ವರ್ಷ ಅವರ ಮನೆಯ ಮಾಳಿಗೆ ಸೋರತೊಡಗಿತು. ಸುಗ್ಗಿ ಹಬ್ಬದ ಲಿಲಾವಿನಲ್ಲಿ ಬಂದ ದುಡ್ಡೆಲ್ಲ ಮಾಳಿಗೆಗೇ ಅಂತ ಕಮಿಟಿಯಲ್ಲಿ ಮಾತಾಯಿತು. ಈ ಹಬ್ಬದಲ್ಲಿ ಬೆಳೆದದ್ದನ್ನು, ಸಾಕಿದ್ದನ್ನು ತಂದು ದೇವರ ಮುಂದೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಅದನ್ನೇ ಲಿಲಾವು ಹಾಕುತ್ತಾರೆ. ನಾಲ್ಕು ಬದನೆಕಾಯಿ ಇನ್ನೂರು ರೂಪಾಯಿಗೆ ಹೋಗುವ ಜಾಗ ಅದು.

ನಾನು ಒಂದು ಜವಾರಿ ಕೋಳಿ ಒಯ್ದೆ. ಕೈಚೀಲದಲ್ಲಿ ಕತ್ತು ಮಾತ್ರ ಹೊರಗೆ ಹಾಕಿಕೊಂಡು ಸ್ಕೂಟರಿನ ಮುಂದೆ ಅದು ರಾಣಿ ಹಾಗೆ ಕೂತಿತ್ತು. ಅಯ್ಯನವರ ಪ್ರಸಂಗ ಅವತ್ತು ಸತ್ಯವೇದದ, ಅಂದರೆ ಬೈಬಲಿನ, ರೂತಳ ಮೇಲೆ, ಬೋವಜನ ಹೊಲದಲ್ಲಿ ತೆನೆ ಆಯ್ದವಳು. ರೂತಳು ಅತ್ತೆಯ ಬೆನ್ನು ಬಿಡದೆ ಬಂದಳು ಅಂದಾಗಲೆಲ್ಲ ನನ್ನ ಕೋಳಿ ಕೊಕ್ಕೊಕ್ಕೋ ಅಂದು ಆಮೆನ್ ಹೇಳುತ್ತಿತ್ತು.

ಲಿಲಾವು ಶುರುವಾಯಿತು. ಕೋಳಿಗೆ ಮೊದಲ ಕೂಗು ಮುನ್ನೂರು. ಆಮೇಲೆ ಯಾರ ಬಾಯಿಂದಲೂ ಸ್ವರ ಇಲ್ಲ. ನನಗೆ ಮರ್ಯಾದೆ ಪ್ರಶ್ನೆ. ನಮ್ಮ ಕೋಳಿ ಅಷ್ಟು ಅಗ್ಗವೇ? ಸುಮ್ನೆ ರೇಟು ಏರಿಸೋಣ ಅಂತ "ನಾನೂರು" ಅಂದೆ. ಹಿಂದಿನಿಂದ ಯಾರೋ ಐನೂರು ಅಂದರು. ಜೀವ ಬಂತು. ಆರು ಅಂದೆ, ಅವರು ಏಳು ಅಂದರು. ಒಂಬೈನೂರಕ್ಕೆ ನಿಲ್ಲಿಸಬೇಕಿತ್ತು. ಆದರೆ ಇಂಥ ಕೋಳಿಗೆ ಇಂಥ ಗಿರಾಕಿ ಮತ್ತೆ ಸಿಗುತ್ತಾನಾ, ಅಲ್ವಾ? ಸಾವಿರದ ಆರುನೂರು ಅಂದೆ. ಹಿಂದೆ ಪೂರ್ತಿ ಸೈಲೆಂಟು. ಒಂದನೇ ಸಲ, ಎರಡನೇ ಸಲ, ಮೂರನೇ ಸಲ. ನನ್ನ ಕೋಳಿ ನನಗೇ ಬಂತು.

ಹೊರಗೆ ಬಂದು ನೋಡಿದರೆ ಆ ಗಿರಾಕಿ ನನ್ನ ಸ್ವಂತ ಮೈದುನ, ಹೆಂಡತಿಯ ತಮ್ಮ. "ಅಕ್ಕನ ಏರಸು ಅಂದಿದ್ಲ್ರೀ ಮಾವಾ" ಅಂದ. ಹೆಂಗಸರ ಕಡೆ ಕೂತಿದ್ದ ನನ್ನ ಹೆಂಡತಿಗೂ ಅದೇ ಮರ್ಯಾದೆ ಪ್ರಶ್ನೆ. ಒಂದೇ ಮನೆಯ ಎರಡು ಬಾಯಿ ಸೇರಿ ಮಾಳಿಗೆಗೆ ಸಾವಿರದ ಆರುನೂರು ಕೊಟ್ಟಿದ್ದೆವು.

ಆ ಕೋಳಿಯನ್ನು ವಾಪಸು ಮನೆಗೆ ಒಯ್ಯಲು ನಾಚಿಕೆಯಾಯಿತು. ಅಯ್ಯನವರ ಮನೆಗೇ ಕೊಟ್ಟೆ. ಮುಂದಿನ ರವಿವಾರ ಸಾರಿನ ಆಸೆ ಇತ್ತು ಅಂತ ಮುಚ್ಚಿಡುವುದಿಲ್ಲ. ಆರಾಧನೆ ಮುಗಿಸಿ ನೆಟ್ಟಗೆ ಅವರ ಮನೆಗೆ ಹೋದೆ. ಅಂಗಳದಲ್ಲಿ ಕೋಳಿ ಅಡ್ಡಾಡುತ್ತಿತ್ತು, ಕಾಲಿಗೆ ಕೆಂಪು ರಿಬ್ಬನ್. ಅಯ್ಯನವರ ಸಣ್ಣ ಮಗಳು ಎಲ್ಲಿ ಹೋದರೂ ಬೆನ್ನ ಹಿಂದೆ ಅದು.

"ಕಾಕಾ, ಇದಕ್ಕ ರೂತ್ ಅಂತ ಹೆಸರಿಟ್ಟೀನ್ರಿ. ಬೆನ್ನ ಬಿಡಂಗಿಲ್ಲ ನೋಡ್ರಿ."

ಸತ್ಯವೇದದಲ್ಲಿ ಹೆಸರಿರುವ ಕೋಳಿಯನ್ನು ಕೊಯ್ಯುವುದು ಹೇಗೆ? ಅಯ್ಯನವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅವತ್ತು ಝುಣಕ ಉಂಡು ಬಂದೆ.

ಎದ್ದು ಹೊರಟಾಗ ಹುಡುಗಿ ಬಾಗಿಲ ತನಕ ಬಂದಳು. "ಕಾಕಾ, ರೂತ್‌ಗ ಜ್ವಾಳ ಬೇಕ್ರಿ." ಈಗ ನಮ್ಮ ಮನೆಯಲ್ಲಿ ಎರಡು ಡಬ್ಬಿ. ಒಂದು ಅಯ್ಯನವರಿಗೆ, ಒಂದು ರೂತಳಿಗೆ. ಎರಡನೆಯದೇ ಜಾಸ್ತಿ ಖಾಲಿಯಾಗುತ್ತದೆ.

ಮಾಳಿಗೆ ರಿಪೇರಿ ಆಯಿತು. ಒಂದು ಮೂಲೆ ಇನ್ನೂ ತೊಟ್ಟಿಕ್ಕುತ್ತದೆ, ಆ ಮಾತು ಬೇರೆ.

ಈ ವರ್ಷದ ಸುಗ್ಗಿ ಹಬ್ಬಕ್ಕೆ ಅಮ್ಮನವರು ತಾವೇ ಒಂದು ಬುಟ್ಟಿ ತಂದಿಟ್ಟರು. ರೂತಳ ತತ್ತಿ, ಒಂದು ಡಜನ್. ನಾನು ತುಟಿ ಬಿಗಿ ಹಿಡಿದು ನೆಲ ನೋಡುತ್ತಾ ಕೂತೆ. ಮೈದುನನನ್ನೂ ಪಕ್ಕದಲ್ಲೇ ಕೂರಿಸಿಕೊಂಡಿದ್ದೆ, ಅವನ ತೊಡೆ ಮೇಲೆ ಕೈ ಇಟ್ಟು. ನೂರು ಅಂತ ಕೂಗಿದರು. ಯಾರೂ ಮಾತಾಡಲಿಲ್ಲ.

"ಮುನ್ನೂರು!" ಹೆಂಗಸರ ಕಡೆಯಿಂದ ಧ್ವನಿ ಬಂತು. ಗುರುತಿನ ಧ್ವನಿಯೇ.