ರೂಮು ಚಿಕ್ಕದು, ಬಚ್ಚಲು ದೊಡ್ಡದು

ಜಪಾನಿಂದ ವಾಪಸ್ ಬಂದು ಎರಡು ವಾರ ಆಯ್ತು, ಸಿಕ್ಕೋರೆಲ್ಲ ಕೇಳೋದು ಫ್ಯೂಜಿ ಬೆಟ್ಟ ಕಾಣಿಸ್ತಾ, ಬುಲೆಟ್ ಟ್ರೈನ್ ಹತ್ತಿದ್ರಾ ಅಂತ. ಕಾಣಿಸ್ತು, ಹತ್ತಿದ್ವಿ, ಚೆನ್ನಾಗಿತ್ತು. ನಂಗೆ ಹೇಳ್ಬೇಕಿರೋದು ಮಾತ್ರ ಸ್ನಾನದ ವಿಷಯ.

ಕನಜಾವಾ ಅನ್ನೋ ಊರಲ್ಲಿ ಸ್ಟೇಷನ್ ಹತ್ರ ಡಾರ್ಮಿ ಇನ್ ಅಂತ ಒಂದು ಚೈನ್ ಹೋಟೆಲ್, ಅಲ್ಲಿ ಎರಡು ರಾತ್ರಿ ಇದ್ವಿ. (ಊಟದ ಡಬ್ಬಿ ಮರೆತರೂ ಕೊಡೆ ಮರೀಬೇಡ ಅಂತ ಆ ಊರಿನ ಗಾದೆ, ನಾವು ಕೊಡೆಯನ್ನೇ ಮರೆತಿದ್ವಿ.) ಫೈವ್ ಸ್ಟಾರ್ ಏನಲ್ಲ, ಕಂಪನಿ ಕೆಲಸಕ್ಕೆ ಊರೂರು ಸುತ್ತೋರು ತಂಗೋ ಹೋಟೆಲ್. ಇಬ್ಬರಿಗೆ ರಾತ್ರಿಗೆ 14,000 ಯೆನ್, ಸುಮಾರು 8,000 ರೂಪಾಯಿ. ರೂಮ್ ಎಷ್ಟು ಚಿಕ್ಕದು ಅಂದ್ರೆ ಒಂದು ಸೂಟ್‌ಕೇಸ್ ಬಿಚ್ಚಬೇಕಾದ್ರೆ ಇನ್ನೊಂದನ್ನ ಮಂಚದ ಮೇಲೆ ಎತ್ತಿಡ್ಬೇಕು. ಹೆಂಡ್ತಿ ನನ್ನ ಮುಖ ನೋಡಿದ್ಲು, ಬುಕ್ ಮಾಡಿದ್ದು ನಾನೇ ಅಲ್ವಾ.

ಆದ್ರೆ ಮೇಲಿನ ಮಹಡೀಲಿ ಬಿಸಿನೀರಿನ ದೊಡ್ಡ ಕೊಳ. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ರೂಮಲ್ಲಿ ಇಟ್ಟಿರೋ ಸಡಿಲ ಜುಬ್ಬಾ ಪೈಜಾಮಾ ಹಾಕ್ಕೊಂಡು ಎಲ್ರೂ ಲಿಫ್ಟಲ್ಲಿ ಹೋಗ್ತಾರೆ, ಒಳಗೆ ಬಟ್ಟೆ ಬುಟ್ಟೀಲಿ ಬಿಚ್ಚಿಟ್ಟು ಪೂರ್ತಿ ಬರಿಮೈ. ಚಡ್ಡಿ ನಡೆಯಲ್ಲ. ನಂಗೆ ಕಾಲೇ ಬರಲಿಲ್ಲ, ಆ ಬುಟ್ಟಿ ಮುಂದೆ ಐದು ನಿಮಿಷ ಸುಮ್ನೆ ಏನೋ ಹುಡುಕೋ ಥರ ನಿಂತಿದ್ದೆ. ಆಮೇಲೆ ಗೊತ್ತಾಯ್ತು, ಅಲ್ಲಿ ಯಾರೂ ಯಾರನ್ನೂ ನೋಡಲ್ಲ.

ನೇರ ಕೊಳಕ್ಕೆ ಇಳಿಯೋ ಹಾಗಿಲ್ಲ. ಮೊದಲು ಗೋಡೆ ಪಕ್ಕ ಗಿಡ್ಡ ಸ್ಟೂಲ್ ಮೇಲೆ ಕೂತು ಸೋಪು ಹಚ್ಚಿ ಪೂರ್ತಿ ತೊಳ್ಕೊಂಡೇ ಇಳೀಬೇಕು. ಅಲ್ಲಿ ಕೂತು ಪುಟ್ಟ ಬೇಸಿನ್ನಿಂದ ತಲೆ ಮೇಲೆ ನೀರು ಸುರ್ಕೊಂಡಾಗ ಅಜ್ಜಿ ಮನೆ ಬಚ್ಚಲು, ಮಣೆ, ಹಂಡೆ, ತಂಬಿಗೆ ಎಲ್ಲ ನೆನಪಾಯ್ತು, ಹೊಗೆ ವಾಸನೆ ಒಂದೇ ಇರ್ಲಿಲ್ಲ. ಕೊಳಕ್ಕೆ ಇಳಿದಾಗ ನಾನು ಕೈಲಿದ್ದ ಸಣ್ಣ ಟವೆಲ್ಲನ್ನೂ ನೀರಿಗೆ ಅದ್ದಿಬಿಟ್ಟೆ. ಎದುರಿಗಿದ್ದ ಅಜ್ಜ ಮಾತಾಡಲಿಲ್ಲ, ತನ್ನ ತಲೆ ಮೇಲಿದ್ದ ಮಡಿಸಿದ ಟವೆಲ್ಲನ್ನ ಎರಡು ಸಲ ಬೆರಳಿಂದ ತಟ್ಟಿ ತೋರಿಸಿದ್ರು ಅಷ್ಟೇ. ನಾನೂ ಹಿಂಡಿ ತಲೆ ಮೇಲಿಟ್ಕೊಂಡೆ.

ಇಂಥ ನೆಲದಡಿಯ ಬುಗ್ಗೆ ನೀರಿನ ಸ್ನಾನಕ್ಕೆ ಅಲ್ಲಿ ಒನ್ಸೆನ್ ಅಂತಾರೆ, ಹಾಗಂತ ಬೋರ್ಡ್ ಹಾಕೋಕೂ 1948ರ ಕಾನೂನಿದೆ, ನೆಲದಿಂದ ಬರೋ ನೀರು 25 ಡಿಗ್ರಿ ಆದ್ರೂ ಇರ್ಬೇಕು, ಇಲ್ಲಾಂದ್ರೆ ಹೇಳಿದ ಖನಿಜಗಳಲ್ಲಿ ಒಂದಾದ್ರೂ ಹೇಳಿದಷ್ಟು ಇರ್ಬೇಕು. ಕೆಲವು ಸಿಟಿ ಹೋಟೆಲ್ಲುಗಳು ಆ ನೀರನ್ನ ದೂರದಿಂದ ಟ್ಯಾಂಕರ್‌ನಲ್ಲಿ ತರಿಸ್ತವೆ. ನಮ್ಮ ಬೆಂಗಳೂರಲ್ಲೂ ಟ್ಯಾಂಕರ್ ಬರುತ್ತಪ್ಪ, ಅದರ ಕಥೆ ಬೇರೆ.

ಒಂದು ಬೇಜಾರೂ ಹೇಳ್ಬಿಡ್ತೀನಿ. ಹಚ್ಚೆ ಇದ್ರೆ ತುಂಬಾ ಕಡೆ ಕೊಳಕ್ಕೆ ಬಿಡಲ್ಲ. ಯಾಕುಜಾ ರೌಡಿಗಳು ಮೈತುಂಬ ಹಾಕಿಸ್ಕೊಳ್ತಾರೆ ಅಂತ ಈ ರೂಲು, ಸಣ್ಣದಿದ್ರೆ ಸ್ಟಿಕ್ಕರ್ ಅಂಟಿಸ್ಕೊಂಡು ಬನ್ನಿ ಅನ್ನೋ ಜಾಗಗಳೂ ಇವೆ. ಮುಂಗೈ ತುಂಬ ಹಚ್ಚೆ ಇದ್ದ ನಮ್ಮಜ್ಜಿ ಹೋಗಿದ್ರೆ ಬಾಗಿಲಲ್ಲೇ ನಿಲ್ಲಿಸ್ತಿದ್ರು, ಅವಳು ಸುಮ್ನೆ ವಾಪಸ್ ಬರ್ತಿದ್ಲು ಅಂತ ನಂಗೇನೂ ಅನಿಸಲ್ಲ.

ರಾತ್ರಿ ಒಂಬತ್ತೂವರೆ ಮೇಲೆ ಕೆಳಗೆ ಪುಕ್ಕಟೆ ನೂಡಲ್ಸ್ ಕೊಡ್ತಾರೆ, ಚಿಕ್ಕ ಬಟ್ಟಲಲ್ಲಿ ಸೋಯಾ ಸಾಸ್ ರಾಮೆನ್. ವೆಜ್‌ನವರು ಆಸೆ ಪಡ್ಬೇಡಿ, ಸಾರಲ್ಲಿ ಮೀನೋ ಕೋಳಿಯೋ ಇದ್ದೇ ಇರುತ್ತೆ. ಹೆಂಡ್ತಿ ಐಸ್‌ಕ್ರೀಮ್‌ಗೆ ತೃಪ್ತಿಪಟ್ಟಳು, ಅದೂ ಪುಕ್ಕಟೆ.

ನಂಗನ್ಸೋದು ಇಷ್ಟು. ನಮ್ಮಲ್ಲಿ ಅದೇ ದುಡ್ಡಿಗೆ ದೊಡ್ಡ ರೂಮು, ದೊಡ್ಡ ಟಿವಿ, ಗಾಜಿನ ಬಾತ್‌ರೂಮು ಕೊಡ್ತಾರೆ, ಬಿಸಿನೀರು ಮಾತ್ರ ರಿಸೆಪ್ಷನ್‌ಗೆ ಮೂರು ಸಲ ಫೋನ್ ಮಾಡಿದ ಮೇಲೆ. ಅಲ್ಲಿಯವರು ರೂಮಲ್ಲಿ ಉಳಿಸಿ ಎಲ್ರಿಗೂ ಸೇರಿ ಒಂದೇ ಬಚ್ಚಲಿಗೆ ಸುರಿದಿದ್ದಾರೆ, ದಿನವಿಡೀ ನಡೆದು ಕಾಲು ಬಿದ್ದೋಗಿರೋನಿಗೆ ಬೇಕಿರೋದು ಅದೇ ತಾನೇ. ಎರಡನೇ ದಿನ ಬೆಳಿಗ್ಗೆ ಐದೂವರೆಗೇ ಎದ್ದು ಹೋದೆ, ಹೊರಗೆ ಮಳೆ, ಕೊಳದಲ್ಲಿ ಕತ್ತಿನವರೆಗೆ ಮುಳುಗಿ ಕೂತ್ರೆ ಮೇಲಿಂದ ಮುಖಕ್ಕೆ ತಣ್ಣನೆ ಗಾಳಿ. ಅಜ್ಜ ಆಗಲೇ ಬಂದಿದ್ರು, ತಲೆ ಮೇಲೆ ಟವೆಲ್. ನನ್ನ ತಲೆ ಮೇಲೂ ಇರೋದು ನೋಡಿ ಸಣ್ಣಗೆ ತಲೆ ಆಡಿಸಿದ್ರು, ಟವೆಲ್ ಬೀಳದ ಹಾಗೆ.