ಸ್ವಇಚ್ಛೆಯಿಂದ ಹೇಳೋ ಮಾರಾಯ

ಕನ್ನಡ ಗದ್ಯ ಸೊರಗಿದೆ ಎಂದು ಕೊರಗುವವರು ಒಮ್ಮೆ ಪೊಲೀಸ್ ಠಾಣೆಯಲ್ಲಿ ಆರೋಪಿಗಳ ಹೆಸರಲ್ಲಿ ದಾಖಲಾಗುವ ‘ಸ್ವಇಚ್ಛಾ ಹೇಳಿಕೆ’ಗಳನ್ನು ಓದಬೇಕು. ಬೈಕ್ ಕದ್ದವನಿರಲಿ, ಸರ ಕಿತ್ತವನಿರಲಿ, ಎಲ್ಲರದ್ದೂ ಒಂದೇ ಶೈಲಿ. ಹೆಬ್ಬೆಟ್ಟು ಒತ್ತುವವನೂ ‘ಸದರಿ ಸ್ವತ್ತನ್ನು ವಿಲೇವಾರಿ ಮಾಡಿರುತ್ತೇನೆ’ ಎಂದೇ ಮಾತಾಡುತ್ತಾನೆ. ಕೊನೆಯ ಸಾಲಂತೂ ಬಾಯಿಪಾಠ: ‘ನನ್ನ ಜೊತೆ ಬಂದಲ್ಲಿ ಸ್ಥಳವನ್ನು ತೋರಿಸಿಕೊಡುತ್ತೇನೆ.’

ಈ ಸಾಲು ಸುಮ್ನೆ ಬಂದದ್ದಲ್ಲ. ಪೊಲೀಸರ ಮುಂದೆ ತಪ್ಪೊಪ್ಪಿಕೊಂಡರೆ ಅದು ಕೋರ್ಟಿನಲ್ಲಿ ಸಾಕ್ಷಿಯಾಗುವುದಿಲ್ಲ. ಆದರೆ ಆ ಮಾತಿನಿಂದ ಚಾಕುವೋ ಸರವೋ ಸಿಕ್ಕಿದರೆ, ಅಷ್ಟು ಮಾತಿಗೆ ಬೆಲೆ ಉಂಟು. ಹಳೇ ಸಾಕ್ಷ್ಯ ಕಾಯ್ದೆಯಲ್ಲಿ ಇದು 27ನೇ ಕಲಂ. 2024ರ ಜುಲೈ 1ರಿಂದ ಹೊಸ ಕಾಯ್ದೆಯ 23ನೇ ಕಲಂನಲ್ಲಿದೆ. ಸರ ಕೀಳುವವನಿಗೆ ಇಷ್ಟೆಲ್ಲ ಕಾನೂನು ಗೊತ್ತು. ಬಾಯಿ ಮುಚ್ಚಿಕೊಂಡೂ ಇರಬಹುದು ಅನ್ನೋದೊಂದು ಮಾತ್ರ ಗೊತ್ತಿಲ್ಲ, ಪಾಪ!

ಸಂವಿಧಾನದ 20(3)ನೇ ವಿಧಿ ಅದನ್ನೇ ಹೇಳುತ್ತದೆ. ನಿನ್ನ ವಿರುದ್ಧ ನೀನೇ ಸಾಕ್ಷಿ ಹೇಳು ಎಂದು ಆರೋಪಿಯನ್ನು ಬಲವಂತ ಮಾಡುವಂತಿಲ್ಲ. ಕೋರ್ಟಿನ ಕಟಕಟೆಗಷ್ಟೇ ಅಲ್ಲ, ಠಾಣೆಯ ವಿಚಾರಣೆಗೂ ಇದು ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿಯಾಗಿದೆ. ಆ ಕೇಸಿನಲ್ಲಿ ಉತ್ತರ ಕೊಡಲ್ಲ ಎಂದವರು ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿ. ಅವರಿಗೆ ಪ್ರಶ್ನೆಗಳನ್ನು ಕಾಗದದಲ್ಲಿ ಬರೆದು ಕೊಟ್ಟಿದ್ದರು. ಮಾಜಿ ಮುಖ್ಯಮಂತ್ರಿ ಅಲ್ವಾ? ಉಳಿದವರಿಗೆ ಪ್ರಶ್ನೆ ಬರುವುದು ಅಂಗಾಲಿಗೆ.

ಅಷ್ಟಾದರೂ ಒಬ್ಬ ಬಾಯಿ ಬಿಡಲಿಲ್ಲ ಅಂದುಕೊಳ್ಳಿ. ಮಾರನೇ ದಿನ, ಅವನನ್ನು ಕಸ್ಟಡಿಗೆ ಕೊಡಿ ಎಂದು ಕೋರ್ಟಿಗೆ ಹಾಕುವ ರಿಮ್ಯಾಂಡ್ ಅರ್ಜಿಯಲ್ಲಿ ಬರುತ್ತದೆ: ‘ಆರೋಪಿಯು ತನಿಖೆಗೆ ಸಹಕರಿಸುತ್ತಿಲ್ಲ.’ ‘ನಾನು ಮಾಡಿಲ್ಲ ಸಾರ್’ ಎಂದರೂ ಅಸಹಕಾರವೇ. ಸಾಹೇಬರ ಮನಸ್ಸಿನಲ್ಲಿ ಇರುವುದನ್ನು ತಾನೇ ಊಹಿಸಿ ಹೇಳಿದರೆ ಮಾತ್ರ ಸಹಕಾರ. ವಿಚಾರಣೆಗೆ ಕರೆದವರೆಲ್ಲ ತಪ್ಪೊಪ್ಪಿಕೊಳ್ಳಲಿ ಎಂದು ನಿರೀಕ್ಷಿಸುವಂತಿಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಜಾರಿ ನಿರ್ದೇಶನಾಲಯಕ್ಕೇ ಹೇಳಬೇಕಾಯಿತು. ಅರ್ಜಿಯ ಆ ಸಾಲು ಮಾತ್ರ ಜಗ್ಗಿಲ್ಲ.

ನಮ್ಮ ಬೆಂಗಳೂರಿಗೆ ಬಾಯಿ ಬಿಡಿಸುವುದರಲ್ಲಿ ದೊಡ್ಡ ಹೆಸರಿತ್ತು. ಮಾತಾಡದವರನ್ನು ದೂರದ ಊರುಗಳಿಂದ ಇಲ್ಲಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕರೆತಂದು, ಸೂಜಿ ಚುಚ್ಚಿ ಮಂಪರಿನಲ್ಲಿ ಮಾತಾಡಿಸುತ್ತಿದ್ದರು. 2010ರಲ್ಲಿ ‘ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ’ ಕೇಸಿನಲ್ಲಿ ಕೋರ್ಟ್, ಒಪ್ಪಿಗೆ ಇಲ್ಲದೆ ಈ ಪರೀಕ್ಷೆ ಕೂಡದು ಎಂದಿತು. ಟೀವಿಯವರಿಗೆ ತೀರ್ಪಿನ ಪ್ರತಿ ಇನ್ನೂ ಸಿಕ್ಕಿಲ್ಲ. ‘ತಪ್ಪು ಮಾಡಿಲ್ಲ ಅಂದ್ರೆ ಮಂಪರು ಪರೀಕ್ಷೆಗೆ ಯಾಕೆ ಹೆದರ್ತಾನೆ?’ ಎಂದು ಕಿರುಚುತ್ತಾರೆ. ಒಂಬತ್ತರ ಸುದ್ದಿಗೆ ಅದೇ ಆರೋಪಿ ‘ಎಳೆಎಳೆಯಾಗಿ ಸತ್ಯ ಬಿಚ್ಚಿಟ್ಟ’. ಮುಚ್ಚಿದ ಕೋಣೆಯಲ್ಲಿ ಬಿಚ್ಚಿಟ್ಟದ್ದು ಇವರಿಗೆ ಹೇಗೆ ಗೊತ್ತಾಯಿತೋ! ಆ ವಿಷಯದಲ್ಲಿ ‘ಬಲ್ಲ ಮೂಲಗಳು’ ಬಾಯಿ ಬಿಡುವುದಿಲ್ಲ.

ಇನ್ನು ಠಾಣೆಯ ಸಿಸಿಟಿವಿ. ಬಾಗಿಲು, ಲಾಕಪ್, ಪಡಸಾಲೆ, ಎಲ್ಲ ಕಡೆ ಕ್ಯಾಮೆರಾ ಇರಬೇಕು, ಮಾತೂ ದಾಖಲಾಗಬೇಕು ಎಂದು 2020ರಲ್ಲಿ ಆದೇಶವಾಗಿದೆ. ಆದರೆ ಬೇಕಾದ ದಿನದ ದೃಶ್ಯ ಕೇಳಿ ನೋಡಿ. ಕರೆಂಟ್ ಇರಲಿಲ್ಲ, ಹಾರ್ಡ್‌ಡಿಸ್ಕ್ ಹೋಗಿತ್ತು, ರಿಪೇರಿಯವನು ಬಂದಿಲ್ಲ. ಅದರ ಮೇಲೆ ಮಾತ್ರ ‘ತನಿಖೆಗೆ ಸಹಕರಿಸುತ್ತಿಲ್ಲ’ ಎಂದು ಯಾವ ಸಾಹೇಬರೂ ಅರ್ಜಿ ಹಾಕಿದ್ದು ನಾನು ಕೇಳಿಲ್ಲ.